ಹಿಂದಿನ ಲೈಟಿನೊಳಗೆ ಸೇರಿದ ಕಸ: ಲೆನ್ಸ್ ಬಿಚ್ಚದೆ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮದು 2013ರ ಹ್ಯಾಚ್‌ಬ್ಯಾಕ್ ಕಾರು. ಊರು ತೀರ್ಥಹಳ್ಳಿ ಹತ್ತಿರ. ಎಡಗಡೆಯ ಹಿಂದಿನ ಲೈಟಿನೊಳಗೆ ಕಸ ಸೇರಿಕೊಂಡಿದೆ. ಸತ್ತ ಹುಳ, ಜೇಡರ ಬಲೆ, ಮೂಲೆಯಲ್ಲಿ ಒಂದಿಷ್ಟು ಕೆಂಪು ಮಣ್ಣು. ಹೋದ ವರ್ಷ ಬ್ರೇಕ್ ಬಲ್ಬ್ ಬದಲಿಸುವಾಗ ಹಳೆಯದು ಒಡೆದು ಅದರ ಗಾಜಿನ ಚೂರುಗಳೂ ಒಳಗೆ ಬಿದ್ದಿವೆ. ತಿರುವಿನಲ್ಲಿ ಕಿಣಿಕಿಣಿ ಸದ್ದು ಕೇಳಿಸುತ್ತದೆ. ಗ್ಯಾರೇಜಿನವರು ಹೊಸ ಲೈಟೇ ಹಾಕಿಸಿ ಅನ್ನುತ್ತಾರೆ. ನನ್ನ ಮಗ ವೀಡಿಯೊ ನೋಡಿ, ಲೈಟನ್ನು ಓವನ್‌ನಲ್ಲಿ ಇಟ್ಟರೆ ಗಾಜು ಬಿಟ್ಟುಕೊಳ್ಳುತ್ತದೆ, ಒಳಗೆ ಒರೆಸಿ ಮತ್ತೆ ಅಂಟಿಸಬಹುದು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನೀವು ಹೇಳಿದ ಕಸವೆಲ್ಲ ಬಲ್ಬ್ ಹಾಕುವ ತೂತಿನಿಂದಲೇ ಹೊರಗೆ ಬರುತ್ತದೆ. ಒಂದು ಭಾನುವಾರದ ಕೆಲಸ, ತೊಳೆದರೆ ಒಣಗಲು ಇನ್ನೊಂದು ದಿನ ಬೇಕು, ಖರ್ಚೂ ಜಾಸ್ತಿ ಇಲ್ಲ. ಆದರೆ ಕಸ ತೆಗೆದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಹುಳ, ಮಣ್ಣು ಒಳಗೆ ಹೋದ ದಾರಿ ಯಾವುದು ಅಂತ ಪತ್ತೆ ಮಾಡದಿದ್ದರೆ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ಮೊದಲು ಓವನ್ ವಿಚಾರ ಮುಗಿಸಿಬಿಡೋಣ. ಚೆನ್ನಾಗಿರುವ ಲೈಟು ಹಾಳಾಗುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಮಗ ನೋಡಿರುವುದು ಬಹುಶಃ ಹೆಡ್‌ಲೈಟಿನ ವೀಡಿಯೊ. ಎಷ್ಟೋ ಹೆಡ್‌ಲೈಟುಗಳಲ್ಲಿ ಮುಂದಿನ ಲೆನ್ಸನ್ನು, ಅಂದರೆ ನಿಮ್ಮ ಮಗ ಗಾಜು ಅನ್ನುವ ಪ್ಲಾಸ್ಟಿಕ್ ಮುಚ್ಚಳವನ್ನು, ಬ್ಯುಟೈಲ್ ಅನ್ನುವ ಕಪ್ಪು ಅಂಟಿನಿಂದ ಕೂರಿಸಿರುತ್ತಾರೆ. ಬಿಸಿ ಮಾಡಿದರೆ ಆ ಅಂಟು ಮೆತ್ತಗಾಗುತ್ತದೆ, ಲೆನ್ಸ್ ಕಳಚಿಕೊಳ್ಳುತ್ತದೆ. ಹೆಡ್‌ಲೈಟಿನ ಲೆನ್ಸ್ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಅದು ಮೆತ್ತಗಾಗಲು 145 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಹಾಗಾಗಿ ಅಂಟು ಕರಗುವ ಬಿಸಿಯನ್ನು ಅದು ತಡೆದುಕೊಳ್ಳುತ್ತದೆ.

ಹಿಂದಿನ ಲೈಟು ಹಾಗಲ್ಲ. ಅದರ ಕೆಂಪು ಲೆನ್ಸ್ ಸಾಮಾನ್ಯವಾಗಿ ಅಕ್ರಿಲಿಕ್ ಅನ್ನುವ ಬೇರೆ ಪ್ಲಾಸ್ಟಿಕ್. ಬಣ್ಣ ಬೇಗ ಮಾಸುವುದಿಲ್ಲ, ಬೆಳಕು ಚೆನ್ನಾಗಿ ಬಿಡುತ್ತದೆ, ಬೆಲೆಯೂ ಕಡಿಮೆ ಅಂತ ಅದನ್ನು ಹಾಕುತ್ತಾರೆ. ಆದರೆ 100 ಡಿಗ್ರಿ ದಾಟುತ್ತಿದ್ದ ಹಾಗೆ ಅದು ಬಾಗಲು ಶುರುವಾಗುತ್ತದೆ. ಹಿಂಬದಿಯ ಡಬ್ಬಿಯಂಥ ಪ್ಲಾಸ್ಟಿಕ್ ಭಾಗದ ಗತಿಯೂ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಹಿಂದಿನ ಲೈಟುಗಳಲ್ಲಿ ಬಹುಪಾಲು ಅಂಟೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಎರಡು ಭಾಗದ ಅಂಚನ್ನೂ ಕರಗಿಸಿ, ಒತ್ತಿ, ಒಂದಕ್ಕೊಂದು ವೆಲ್ಡ್ ಮಾಡಿಬಿಡುತ್ತಾರೆ. ಅಲ್ಲಿ ಬಿಟ್ಟುಕೊಳ್ಳಲು ಏನೂ ಇಲ್ಲ. ಓವನ್‌ನಲ್ಲಿ ಇಟ್ಟರೆ ಜೋಡಣೆ ಬಿಡುವ ಮೊದಲೇ ಲೆನ್ಸ್ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದ ಲೆನ್ಸ್ ಕಾರಿನ ಬಾಡಿಗೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ನಿಮ್ಮದು ಯಾವ ಥರದ್ದು ಅಂತ ನೋಡಬೇಕಾ? ಲೈಟು ಬಿಚ್ಚಿದ ಮೇಲೆ ಅಂಚನ್ನು ಗಮನಿಸಿ. ಲೆನ್ಸ್ ಒಂದು ಆಳದ ತೋಡಿನೊಳಗೆ ಕೂತು, ಅಲ್ಲಿ ಕಪ್ಪು ಅಥವಾ ಬೂದು ಬಣ್ಣದ ಜಿಗುಟು ಕಂಡರೆ ಅಂಟಿಸಿದ್ದು. ಎರಡು ಪ್ಲಾಸ್ಟಿಕ್ ಬೆಸೆದುಕೊಂಡು ಸಣ್ಣ ಉಬ್ಬುಗೆರೆ ಮಾತ್ರ ಕಂಡರೆ ವೆಲ್ಡ್ ಮಾಡಿದ್ದು. ವೆಲ್ಡ್ ಆದದ್ದನ್ನು ಕೊಯ್ದು ತೆಗೆದು ಮತ್ತೆ ಅಂಟಿಸುವವರೂ ಇದ್ದಾರೆ. ಶೋ ಕಾರಿಗೆ, ಎಲ್ಲೂ ಸಿಗದ ಹಳೆಯ ಕಾರಿಗೆ ಸರಿ. ಮಲೆನಾಡಿನ ಮಳೆಯಲ್ಲಿ ದಿನಾ ಓಡುವ ಕಾರಿಗೆ ನಾನು ಖಂಡಿತ ಹೇಳುವುದಿಲ್ಲ.

ಕೈ ಹಾಕುವ ಮೊದಲು ಒಳಗೆ ಏನಿದೆ ಅಂತ ತಿಳಿದಿರಲಿ. ಬಲ್ಬಿನ ಹಿಂದೆ ಹೊಳೆಯುವ ಬೆಳ್ಳಿ ಬಣ್ಣದ ಭಾಗ ಇದೆಯಲ್ಲ, ಅದು ರಿಫ್ಲೆಕ್ಟರ್. ಲೋಹದ ತಗಡು ಅಂದುಕೊಳ್ಳಬೇಡಿ. ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಕೂರಿಸಿದ ಅಲ್ಯುಮಿನಿಯಂ ಪದರ ಅದು. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಬಟ್ಟೆಯಿಂದ ಉಜ್ಜಿದರೆ ಹೊಳಪು ಬಟ್ಟೆಗೇ ಅಂಟಿಕೊಂಡು ಬರುತ್ತದೆ, ಕೆಳಗಿನ ಬೋಳು ಪ್ಲಾಸ್ಟಿಕ್ ಕಾಣಿಸುತ್ತದೆ. ಆಮೇಲೆ ಏನೂ ಮಾಡಲು ಬರುವುದಿಲ್ಲ. ಒಳಗೆ ಕಡ್ಡಿ, ಬ್ರಷ್, ತಂತಿ ಏನೇ ಹಾಕಿದರೂ ರಿಫ್ಲೆಕ್ಟರಿಗೆ ತಾಗದಂತೆ ನೋಡಿಕೊಳ್ಳಿ. ವಾಷಿಂಗ್ ಸೋಡಾ, ಬ್ಲೀಚ್, ಬಾತ್‌ರೂಮ್ ಆಸಿಡ್ ಇವೆಲ್ಲ ಅಲ್ಯುಮಿನಿಯಂ ಪದರವನ್ನು ತಿಂದುಹಾಕುತ್ತವೆ.

ಲೆನ್ಸಿಗೂ ಒಂದು ದೌರ್ಬಲ್ಯ ಇದೆ. ಅಕ್ರಿಲಿಕ್‌ಗೆ ಪೆಟ್ರೋಲ್, ಥಿನ್ನರ್, ಅಸಿಟೋನ್, ಸ್ಪಿರಿಟ್ ಯಾವುದೂ ಆಗಿಬರುವುದಿಲ್ಲ. ಅಚ್ಚು ಹಾಕುವಾಗ, ವೆಲ್ಡ್ ಮಾಡುವಾಗ ಆ ಪ್ಲಾಸ್ಟಿಕ್‌ನೊಳಗೆ ಒಂದು ಬಿಗುವು ಉಳಿದುಬಿಟ್ಟಿರುತ್ತದೆ. ಇಂಥ ದ್ರವ ತಾಗಿದರೆ ಆ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಕೆಲವೊಮ್ಮೆ ತಕ್ಷಣ ಕಾಣಿಸುವುದೂ ಇಲ್ಲ, ಸ್ವಲ್ಪ ದಿನ ಬಿಟ್ಟು ಕಾಣಿಸುತ್ತದೆ. ಬೇಗ ಒಣಗುತ್ತದೆ ಅಂತ ಸ್ಯಾನಿಟೈಸರ್ ಹಾಕಿ ಅಲ್ಲಾಡಿಸುವವರಿದ್ದಾರೆ. ಬೇಡ. ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಸಾಕು.

ಈಗ ಬಿಚ್ಚುವ ಕೆಲಸ. ಎಂಜಿನ್ ಆಫ್ ಮಾಡಿ, ಲೈಟ್ ಸ್ವಿಚ್ ಆಫ್ ಮಾಡಿ, ಕೀಲಿ ತೆಗೆದಿಡಿ. ಸ್ವಲ್ಪ ಮುಂಚೆ ಕಾರು ಓಡಿಸಿದ್ದರೆ ಬಲ್ಬ್ ತಣ್ಣಗಾಗಲು ಬಿಡಿ. 21 ವ್ಯಾಟಿನ ಬ್ರೇಕ್ ಬಲ್ಬ್ ಕೈ ಸುಡುವಷ್ಟು ಕಾದಿರುತ್ತದೆ. ಹಿಂದಿನ ಬಾಗಿಲು ಎತ್ತಿದರೆ ಲೈಟಿನ ಒಳ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಅಥವಾ ಬೋಲ್ಟ್ ಕಾಣುತ್ತವೆ. ಕೆಲವು ಕಾರುಗಳಲ್ಲಿ ಡಿಕ್ಕಿಯ ಪಕ್ಕದ ಟ್ರಿಮ್, ಅಂದರೆ ಒಳಗಿನ ಹೊದಿಕೆ, ತೆಗೆದರೆ ಒಳಗಿನಿಂದ ನಟ್ ಇರುತ್ತದೆ. ಹೊರಗಿನ ಅಂಚಿನಲ್ಲಿ ಸ್ಕ್ರೂ ಇರುವುದಿಲ್ಲ. ಅಲ್ಲಿ ಪ್ಲಾಸ್ಟಿಕ್ ಗೂಟಗಳು ಬಾಡಿಯ ತೂತಿನಲ್ಲಿ ಒತ್ತಿಕೊಂಡು ಕೂತಿರುತ್ತವೆ. ಲೈಟು ಒಡೆಯುವುದು ಇಲ್ಲೇ. ಸ್ಕ್ರೂ ತೆಗೆದ ಕೂಡಲೇ ಜನ ಸ್ಕ್ರೂ ಡ್ರೈವರ್ ತೂರಿಸಿ ಎಬ್ಬುತ್ತಾರೆ. ಅದು ಬೇಡ. ಲೈಟಿನ ಪಕ್ಕದ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಎರಡೂ ಅಂಗೈಯಲ್ಲಿ ಲೈಟನ್ನು ಹಿಡಿದು ಕಾರಿನ ಹಿಂದಕ್ಕೆ ನೇರವಾಗಿ ಎಳೆಯಿರಿ. ಪಕ್ಕಕ್ಕೆ ತಿರುಚಬೇಡಿ. ಜಗ್ಗದಿದ್ದರೆ ಲೈಟಿನ ಬದಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿ ಮತ್ತೆ ಎಳೆಯಿರಿ. ಟಕ್ ಅಂತ ಬರುತ್ತದೆ. ಹಿಂದೆ ವೈರ್ ಇರುತ್ತದೆ, ಆದ್ದರಿಂದ ಕೈಬಿಡಬೇಡಿ. ಮಗನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ವೈರ್ ಲೈಟಿಗೆ ಸೇರುವ ಕಡೆಯ ಪ್ಲಗ್, ಅಂದರೆ ಕಪ್ಲರಿನ ಲಾಕ್ ಒತ್ತಿ ಕಳಚಿ. ವೈರ್ ಹಿಡಿದು ಎಳೆಯಬಾರದು. ಬಲ್ಬ್ ಹೋಲ್ಡರ್‌ಗಳನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೊರಗೆ ಬರುತ್ತವೆ. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಪ್ರತಿ ಹೋಲ್ಡರಿನ ಕೆಳಗೂ ಒಂದು ರಬ್ಬರ್ ರಿಂಗ್ ಇರುತ್ತದೆ. ಅದು ಲೈಟಿನ ತೂತಿನಲ್ಲೇ ಅಂಟಿಕೊಂಡಿದ್ದರೆ ಕಳೆದುಕೊಳ್ಳಬೇಡಿ, ಆಮೇಲೆ ಅದರ ಕೆಲಸ ತುಂಬಾ ಇದೆ.

ಈಗ ಒಣ ಕಸ ತೆಗೆಯುವ ಸರದಿ. ಗಾಜಿನ ಚೂರು ಮೊದಲು ಹೊರಗೆ ಬರಲಿ. ಒಳಗೆ ನೀರು ಹಾಕಿ ಕುಲುಕುವಾಗ ಆ ಚೂರುಗಳಿದ್ದರೆ ರಿಫ್ಲೆಕ್ಟರ್ ಮೇಲೆಲ್ಲ ಗೀರು ಬೀಳುತ್ತದೆ. ಕೈಗೆ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಕೆಳಗೆ ಬಿಳಿ ಬಟ್ಟೆ ಹಾಸಿ. ಎಲ್ಲಕ್ಕಿಂತ ದೊಡ್ಡ ತೂತು ಕೆಳಗೆ ಬರುವಂತೆ ಲೈಟನ್ನು ಹಿಡಿಯಿರಿ. ಜೋರಾಗಿ ಕುಲುಕುವ ಬದಲು ಓರೆ ಮಾಡಿ ಹಿಂಬದಿಯನ್ನು ಬೆರಳಿನಿಂದ ತಟ್ಟಿ. ಚೂರು ತಾನೇ ಜಾರುತ್ತಾ ತೂತಿನ ಕಡೆ ಬರುತ್ತದೆ. ಕಿಣಿಕಿಣಿ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಟ್ಟರೆ ಎತ್ತ ಓರೆ ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ಒಳಗೆ ಅಡ್ಡಗೋಡೆಗಳಿರುತ್ತವೆ. ಇಂಡಿಕೇಟರಿನ ಕೋಣೆಗೆ ಬಿದ್ದ ಚೂರು ಬ್ರೇಕ್ ಬಲ್ಬಿನ ತೂತಿನಿಂದ ಬರಬೇಕಾದರೆ ಸ್ವಲ್ಪ ತಾಳ್ಮೆ ಬೇಕು. ಮಗನಿಗೆ ಇನ್ನೊಂದು ತೂತಿನಿಂದ ಟಾರ್ಚ್ ಬಿಡಲು ಹೇಳಿ.

ಬಾರದ ಚೂರಿಗೆ ಒಂದು ಉಪಾಯ ಇದೆ. ವೈರ್ ಕಟ್ಟುವ ಉದ್ದನೆಯ ಪ್ಲಾಸ್ಟಿಕ್ ಟ್ಯಾಗ್ ತೆಗೆದುಕೊಳ್ಳಿ. ಅದು ಬಾಗುತ್ತದೆ, ಚೂಪಾಗಿಲ್ಲ, ಲೋಹವೂ ಅಲ್ಲ. ತುದಿಗೆ ಡಬಲ್ ಗಮ್ ಟೇಪಿನ ಸಣ್ಣ ತುಂಡು ಸುತ್ತಿ ಒಳಗೆ ಬಿಟ್ಟು ಚೂರಿಗೆ ತಾಗಿಸಿದರೆ ಅಂಟಿಕೊಂಡು ಬರುತ್ತದೆ. ಟೇಪ್ ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಅದೂ ಒಳಗೇ ಉಳಿದು ಕಸಕ್ಕೆ ಕಸ ಸೇರಿಸಿದಂತಾಗುತ್ತದೆ. ಬಿದ್ದಿರುವುದು ಕಬ್ಬಿಣದ ಸ್ಕ್ರೂ ಅಥವಾ ಸ್ಪ್ರಿಂಗ್ ಆಗಿದ್ದರೆ ಇನ್ನೂ ಸುಲಭ. ಹೊರಗಿನಿಂದ ಬಲವಾದ ಮ್ಯಾಗ್ನೆಟ್ ಹಿಡಿದು ಲೆನ್ಸಿನ ಮೇಲೆ ನಿಧಾನಕ್ಕೆ ಸರಿಸುತ್ತಾ ತೂತಿನವರೆಗೆ ನಡೆಸಿಕೊಂಡು ಬರಬಹುದು. ಬಲ್ಬಿನ ಹಿತ್ತಾಳೆ ತಳ ಮ್ಯಾಗ್ನೆಟ್ಟಿಗೆ ಹಿಡಿಯುವುದಿಲ್ಲ, ಅದಕ್ಕೆ ಟೇಪೇ ಗತಿ.

ಧೂಳು, ಒಣಗಿದ ಹುಳ, ಬಲೆಗೆ ವ್ಯಾಕ್ಯೂಮ್ ಕ್ಲೀನರ್ ಒಳ್ಳೆಯದು. ಅದರ ಪೈಪ್ ಒಳಗೆ ಹೋಗುವುದಿಲ್ಲ ಅಲ್ವಾ? ಮೀನಿನ ತೊಟ್ಟಿಗೆ ಗಾಳಿ ಬಿಡುವ ತೆಳು ಪೈಪ್ ತಂದು, ವ್ಯಾಕ್ಯೂಮಿನ ಬಾಯಿಗೆ ಟೇಪಿನಿಂದ ಕಟ್ಟಿ. ಪಕ್ಕದಲ್ಲಿ ಸ್ವಲ್ಪ ಗಾಳಿ ಹೋಗುವಷ್ಟು ಜಾಗ ಬಿಡಿ, ಪೂರ್ತಿ ಮುಚ್ಚಿದರೆ ಮೋಟಾರು ಕಾದುಹೋಗುತ್ತದೆ. ಆ ತೆಳು ಪೈಪನ್ನು ಮೂಲೆಮೂಲೆಗೂ ಬಿಡಬಹುದು. ಪಂಕ್ಚರ್ ಅಂಗಡಿಯ ಏರ್ ಹೊಡೆಸಿದರೆ ಆಗುವುದಿಲ್ಲವಾ ಅಂತ ಕೇಳುವವರು ಜಾಸ್ತಿ. ಆಗುತ್ತದೆ, ಆದರೆ ಗಾಳಿಯಾಡಲೆಂದು ಲೈಟಿನ ಹಿಂಬದಿಯಲ್ಲಿ ಇಟ್ಟಿರುವ ಉಸಿರುತೂತಿನ ತೆಳು ಪೊರೆ ಆ ಒತ್ತಡಕ್ಕೆ ಕಿತ್ತುಹೋಗಬಹುದು. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನಿಂತ ನೀರು ಮತ್ತು ಎಣ್ಣೆಯ ತುಂತುರೂ ಜೊತೆಗೆ ಬರುತ್ತದೆ. ಹೊಡೆಸಲೇಬೇಕಾದರೆ ಮೊದಲು ಕೈ ಮೇಲೆ ಬಿಟ್ಟು ನೋಡಿ. ಕೈ ಒದ್ದೆಯಾಗದಿದ್ದರೆ, ದೂರದಿಂದ, ಬಿಟ್ಟು ಬಿಟ್ಟು. ಸೈಕಲ್ ಪಂಪ್ ಇದ್ದರೆ ಅದೇ ವಾಸಿ.

ಇಷ್ಟಕ್ಕೇ ಲೈಟು ಸಾಕಷ್ಟು ಚೊಕ್ಕಟವಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಚೂರುಪಾರು ಧೂಳಿಗೋಸ್ಕರ ಸುಮ್ನೆ ನೀರು ಹಾಕಬೇಡಿ. ನಿಮ್ಮಲ್ಲಿ ಕೆಂಪು ಮಣ್ಣು ಅಂಟಿಕೊಂಡಿದೆ ಅಂದಿರಿ, ಆದ್ದರಿಂದ ತೊಳೆಯಲೇಬೇಕಾಗುತ್ತದೆ.

ತೊಳೆಯುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಕೆಲವು ಲೈಟುಗಳಲ್ಲಿ ಇಂಡಿಕೇಟರಿಗೆ ಬಲ್ಬ್, ಹಿಂದಿನ ಕೆಂಪು ಗೆರೆಗೆ ಎಲ್‌ಇಡಿ ಇರುತ್ತದೆ. ಎಲ್‌ಇಡಿಯ ಸರ್ಕ್ಯೂಟ್ ಬೋರ್ಡ್ ಒಳಗೇ ಕೂತಿರುತ್ತದೆ. ಅಂಥದ್ದಕ್ಕೆ ನೀರು ಹಾಕಿದರೆ ಕೆಲಸ ಕೆಡುತ್ತದೆ. 2013ರ ಸಣ್ಣ ಕಾರುಗಳಲ್ಲಿ ಬಲ್ಬ್ ಮಾತ್ರ ಇರುವುದೇ ಹೆಚ್ಚು, ಆದರೂ ನೋಡಿಕೊಳ್ಳಿ.

ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ ಹಾಕಿ. ಲೈಟಿನ ಅರ್ಧದಷ್ಟು ತುಂಬಿಸಿ. ಮಣ್ಣು ಇರುವ ಮೂಲೆ ಕೆಳಗೆ ಬರುವಂತೆ ಇಟ್ಟು ಅರ್ಧ ಗಂಟೆ ನೆನೆಯಲು ಬಿಡಿ. ಮಣ್ಣು ತಾನಾಗಿ ಕರಗಲಿ, ಕೆರೆಯಲು ಹೋಗಬೇಡಿ. ಆಮೇಲೆ ಮೆಲ್ಲಗೆ ಅತ್ತಿತ್ತ ಆಡಿಸಿ ಚೆಲ್ಲಿ. ನೀರು ತಿಳಿಯಾಗುವ ತನಕ ಹೀಗೇ ಮಾಡಿ. ಒಳಗೆ ಅಕ್ಕಿ ಕಾಳೋ ಮರಳೋ ಹಾಕಿ ಕುಲುಕಿದರೆ ಬೇಗ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಾಟಲಿ ತೊಳೆಯುವ ಆ ಉಪಾಯ ಇಲ್ಲಿ ಹೊಳಪನ್ನೇ ತೆಗೆದುಬಿಡುತ್ತದೆ.

ಕೊನೆಯ ಸಲ ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ ಆಗಬಾರದು. ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಒಳಗಿನ ಕಲೆ ಒರೆಸಲು ಕೈ ಹೋಗುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್, ಒಂದು ಕ್ಯಾನ್ ತನ್ನಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಸಿಗುತ್ತದೆ. ಹೆಸರು ಓದಿ ತೆಗೆದುಕೊಳ್ಳಿ. ಬ್ಯಾಟರಿ ನೀರಿನಲ್ಲಿ ಎರಡು ಸಲ ಜಾಲಾಡಿಸಿದರೆ ಕಲೆಯ ಗೊಡವೆ ಇಲ್ಲ.

ಒಣಗಿಸುವುದೇ ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವ ಭಾಗ. ಜನ ಅವಸರ ಮಾಡುವುದೂ ಇಲ್ಲೇ. ತೂತುಗಳು ಕೆಳಗಿರುವಂತೆ ಎರಡು ಕೋಲಿನ ಮೇಲೆ ಇಟ್ಟು, ಫ್ಯಾನ್ ಹಾಕಿ, ಪೂರ್ತಿ ಒಂದು ದಿನ ಬಿಡಿ. ನಡುನಡುವೆ ಬೇರೆ ಬೇರೆ ಕಡೆ ತಿರುಗಿಸಿ, ಅಡ್ಡಗೋಡೆಯ ಹಿಂದೆ ನಿಂತ ನೀರು ಇಳಿಯುತ್ತದೆ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿಯಲ್ಲಿ ಮಾತ್ರ. ನಿಮ್ಮ ಕಡೆ ಜುಲೈ ತಿಂಗಳಲ್ಲಿ ತೊಳೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಲೈಟಿನ ಒಳಗು ಎಲ್ಲಿ ಒಣಗಬೇಕು! ಸಂಕ್ರಾಂತಿ ಆಸುಪಾಸಿನ ಒಣ ಹವೆಯಲ್ಲಿ ಮಾಡಿದರೆ ಒಳ್ಳೆಯದು. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ, ಫ್ಯಾನಿನ ಕೆಳಗಿಟ್ಟ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿ ಬಾಯಿ ಕಟ್ಟಿ ರಾತ್ರಿಯಿಡೀ ಇಡಿ. ಆ ಪೊಟ್ಟಣವನ್ನು ಲೈಟಿನೊಳಗೇ ಬಿಟ್ಟು ಮುಚ್ಚುವುದು ಬೇಡ. ಸ್ವಲ್ಪ ದಿನಕ್ಕೆ ಅದು ನೀರು ಹೀರಿ ಸುಮ್ಮನಾಗುತ್ತದೆ, ಬಲ್ಬಿನ ಬಿಸಿ ತಾಗುವ ಜಾಗದಲ್ಲಿ ಅದು ಇರುವುದೂ ಸರಿಯಲ್ಲ. ಲೈಟು ಇಲ್ಲದೆ ಕಾರು ರಸ್ತೆಗೆ ತರಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ಲೆನ್ಸಿನ ಒಳಮೈಯಲ್ಲಿ ಮಂಜಿನಂಥ ಮಬ್ಬು ಉಳಿದಿದ್ದರೆ ಎರಡು ಮ್ಯಾಗ್ನೆಟ್ಟಿನ ವಿದ್ಯೆ ಇದೆ. ಒಂದು ಸಣ್ಣ ಬಲವಾದ ಮ್ಯಾಗ್ನೆಟ್ಟನ್ನು ಮೈಕ್ರೋಫೈಬರ್ ಬಟ್ಟೆಯಲ್ಲಿ ಸುತ್ತಿ, ದಾರದಿಂದ ಬಿಗಿದು, ದಾರದ ಇನ್ನೊಂದು ತುದಿ ಹೊರಗೇ ಇಟ್ಟುಕೊಂಡು ಒಳಗೆ ಬಿಡಿ. ಹೊರಗಿನಿಂದ ಇನ್ನೊಂದು ಮ್ಯಾಗ್ನೆಟ್ ಬಟ್ಟೆಯ ಮೇಲಿಟ್ಟು ಸರಿಸಿದರೆ ಒಳಗಿನದು ಹಿಂದೆಯೇ ಬಂದು ಲೆನ್ಸ್ ಒರೆಸುತ್ತದೆ. ನೋಡಲು ಮಜವಾಗಿರುತ್ತದೆ. ಮರಳಿನ ಕಣ ಪೂರ್ತಿ ಹೋದ ಮೇಲೆ ಮಾತ್ರ ಮಾಡಬೇಕು. ಹಿಂದಿನ ಲೆನ್ಸುಗಳ ಒಳಮೈ ಸಾಮಾನ್ಯವಾಗಿ ನುಣುಪಾಗಿರುವುದಿಲ್ಲ, ಬೆಳಕು ಹರಡಲು ಗೀರುಗೀರು, ಗುಬುಟುಗುಬುಟು ಮಾಡಿರುತ್ತಾರೆ. ಅಂಥ ಕಡೆ ಇದು ಅರ್ಧಂಬರ್ಧ ಮಾತ್ರ ಕೆಲಸ ಮಾಡುತ್ತದೆ. ರಾತ್ರಿ ಬೆಳಕು ಸರಿಯಾಗಿ ಕಾಣುತ್ತಿದ್ದರೆ ಆ ಮಬ್ಬನ್ನು ಹಾಗೇ ಬಿಡಿ.

ಕಸ ಒಳಗೆ ಹೋದದ್ದು ಎಲ್ಲಿಂದ ಅನ್ನುವುದಕ್ಕೆ ಈಗ ಬರುತ್ತೇನೆ. ಬಲ್ಬ್ ಇರುವ ಯಾವ ಲೈಟನ್ನೂ ಪೂರ್ತಿ ಗಾಳಿ ಆಡದಂತೆ ಮುಚ್ಚಿರುವುದಿಲ್ಲ. ಬಲ್ಬ್ ಉರಿದಾಗ ಒಳಗಿನ ಗಾಳಿ ಕಾಯುತ್ತದೆ. 30 ಡಿಗ್ರಿ ಬಿಸಿ ಏರಿದರೆ ಗಾಳಿಯ ಗಾತ್ರ ಸುಮಾರು ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ. ಹೆಚ್ಚಾದ ಗಾಳಿ ಹೊರಗೆ ಹೋಗಲೇಬೇಕು, ತಣ್ಣಗಾದಾಗ ಹೊರಗಿನ ಗಾಳಿ ಒಳಗೆ ಬರಲೇಬೇಕು. ಅದಕ್ಕೇ ಹಿಂಬದಿಯಲ್ಲಿ ಉಸಿರುತೂತುಗಳನ್ನು ಇಟ್ಟಿರುತ್ತಾರೆ. ಕೆಲವದರಲ್ಲಿ ಬಾಗಿದ ರಬ್ಬರ್ ಕೊಳವೆ, ಕೆಲವದರಲ್ಲಿ ಸ್ಪಂಜಿನ ತುಂಡು, ಕೆಲವದರಲ್ಲಿ ನೀರು ಬಿಡದೆ ಗಾಳಿ ಬಿಡುವ ಬಿಳಿ ಪೊರೆ. ದಿನಾ ಹೀಗೆ ಉಸಿರಾಡುವಾಗ ತೂತಿಗೆ ಅಡ್ಡ ಏನೂ ಇಲ್ಲದಿದ್ದರೆ ಧೂಳೂ ಒಳಗೆ, ಇರುವೆಯೂ ಒಳಗೆ. ಇರುವೆ ಹೋದ ಕಡೆ ಜೇಡ ಹೋಗುತ್ತದೆ.

ನೀವು ಹೇಳಿದ ಕೆಂಪು ಮಣ್ಣಿನ ಬಗ್ಗೆ ನನಗೆ ಒಂದು ಅನುಮಾನ ಇದೆ. ಅದು ರಸ್ತೆಯ ಕೆಸರು ಆಗಿರದೆ ಕಣಜದ ಹುಳ ಕಟ್ಟಿದ ಗೂಡಿನ ಮಣ್ಣು ಆಗಿರಬಹುದು. ಒಂಟಿಯಾಗಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಇಂಥ ಸಣ್ಣ ಕೊಳವೆ ಅಂದರೆ ಬಹಳ ಇಷ್ಟ. ಕೆಲವು ಜಾತಿಯವು ಜೇಡಗಳನ್ನು ಕುಟುಕಿ ಮರಿಗಳಿಗೆ ಆಹಾರವಾಗಿ ತುಂಬಿಡುತ್ತವೆ. ಒಂದೇ ಕಡೆ ಹಲವು ಸತ್ತ ಜೇಡ, ಪಕ್ಕದಲ್ಲಿ ನುಣುಪಾದ ಮಣ್ಣು ಕಂಡರೆ ಅದೇ ಅಂದುಕೊಳ್ಳಿ. ಈ ಹುಳವನ್ನು ಲಘುವಾಗಿ ನೋಡುವ ಹಾಗಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 2013ರ ನವೆಂಬರಿನಲ್ಲಿ ದೊಡ್ಡ ವಿಮಾನವೊಂದು ಹೊರಟ ಸ್ವಲ್ಪ ಹೊತ್ತಿಗೇ ವಾಪಸ್ ಬಂದು ಇಳಿಯಬೇಕಾಯಿತು. ವೇಗ ಅಳೆಯುವ ಕೊಳವೆಯಲ್ಲಿ ಇಂಥದ್ದೇ ಹುಳ ಗೂಡು ಕಟ್ಟಿತ್ತು. ವಿಮಾನ ನೆಲದ ಮೇಲಿದ್ದದ್ದು ಕೆಲವೇ ಗಂಟೆ. ಮನೆ ಮುಂದೆ ದಿನಗಟ್ಟಲೆ ನಿಲ್ಲುವ ಕಾರು ಅದಕ್ಕೆ ಇನ್ನೂ ಅನುಕೂಲ. ಆದ್ದರಿಂದ ಹಿಂಬದಿಯ ಪ್ರತಿ ಉಸಿರುಕೊಳವೆಯನ್ನೂ ಟಾರ್ಚ್ ಬಿಟ್ಟು ನೋಡಿ. ಮಣ್ಣು ತುಂಬಿದ್ದರೆ ರಬ್ಬರ್ ಕೊಳವೆಯನ್ನು ಕಳಚಿ ನೀರಿನಲ್ಲಿ ನೆನೆಸಿ ತೆಗೆಯಿರಿ. ಕೊಳವೆ ಕಳೆದುಹೋಗಿದ್ದರೆ ಆ ಜಾಗಕ್ಕೆ ಅಕ್ವೇರಿಯಂ ಫಿಲ್ಟರಿನ ಸ್ಪಂಜ್ ತುಂಡೊಂದನ್ನು ಸಡಿಲವಾಗಿ ಕೂರಿಸಿ. ಗಾಳಿ ಆಡುತ್ತದೆ, ಹುಳ ಹೋಗುವುದಿಲ್ಲ. ಬಿಳಿ ಪೊರೆ ಇರುವ ಕಡೆ ಮಾತ್ರ ಬೆರಳಿನಿಂದ ಕೂಡ ಮುಟ್ಟಬೇಡಿ.

ಇದನ್ನು ಓದಿ ಎಲ್ಲಾ ತೂತಿಗೂ ಸಿಲಿಕಾನ್ ಮೆತ್ತಿಬಿಡೋಣ ಅನ್ನಿಸಬಹುದು. ಎಷ್ಟೋ ಕಡೆ ಹಾಗೇ ಮಾಡಿ ಕಳಿಸುತ್ತಾರೆ. ಉಸಿರುತೂತು ಮುಚ್ಚಿದರೆ ಲೈಟು ಬೇರೆ ದಾರಿಯಿಂದ ಗಾಳಿ ಎಳೆಯುತ್ತದೆ. ಬಿಸಿ ಲೈಟಿನ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ದಿಢೀರನೆ ಕುಗ್ಗಿ, ಹೋಲ್ಡರಿನ ಸಂದಿಯಿಂದಲೋ ಬಿರುಕಿನಿಂದಲೋ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಬಂದ ಆವಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಕೊನೆಗೆ ಅರ್ಧ ನೀರು ತುಂಬಿದ ಲೈಟು ಸಿಗುತ್ತದೆ. ಸಿಲಿಕಾನ್ ಬೇಕಾಗುವುದು ಬಿರುಕಿಗೆ ಮಾತ್ರ, ಅದೂ ಹೊರಗಿನಿಂದ. ವಿನೆಗರ್ ವಾಸನೆ ಬರುವ ಸಿಲಿಕಾನಿನಿಂದ ಏಳುವ ಆವಿ ಲೋಹಕ್ಕೆ ಒಳ್ಳೆಯದಲ್ಲ. ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ.

ಕಸದ ಇನ್ನೊಂದು ದಾರಿ ಹೋಲ್ಡರಿನ ರಬ್ಬರ್ ರಿಂಗ್. ನಿಮ್ಮ ಬ್ರೇಕ್ ಬಲ್ಬ್ ಹೋದ ವರ್ಷ ಬದಲಿಸಿದ್ದು ಅಂದಿರಿ. ಆಗ ರಿಂಗ್ ಬಿದ್ದುಹೋಗಿರಬಹುದು ಅಥವಾ ಹೋಲ್ಡರ್ ಪೂರ್ತಿ ತಿರುಗಿ ಲಾಕ್ ಆಗದೆ ಉಳಿದಿರಬಹುದು. ಮೊದಲು ಅನುಮಾನ ಪಡಬೇಕಾದ ಜಾಗ ಅದೇ. ಮೂರನೆಯದು ಲೈಟಿಗೂ ಬಾಡಿಗೂ ನಡುವೆ ಇರುವ ಸ್ಪಂಜ್ ಗ್ಯಾಸ್ಕೆಟ್. ಇಷ್ಟು ವರ್ಷಕ್ಕೆ ಅದು ಒತ್ತಿ ಅಪ್ಪಚ್ಚಿಯಾಗಿರುತ್ತದೆ. ಅದು ಹೋದರೆ ನೀರು ಲೈಟಿನ ಹಿಂದಿನಿಂದ ಡಿಕ್ಕಿಗೂ ಇಳಿಯುತ್ತದೆ. ಸ್ಟೆಪ್ನಿ ಎತ್ತಿ ಕೆಳಗೆ ನೀರು ನಿಂತಿದೆಯಾ ನೋಡಿ. ಬದಲಿಗೆ ಕಿಟಕಿ ಬಾಗಿಲಿಗೆ ಹಾಕುವ ಗಮ್ ಇರುವ ರಬ್ಬರ್ ಸ್ಪಂಜ್ ಪಟ್ಟಿ ಹಚ್ಚಬಹುದು. ವಾಟರ್ ಸರ್ವಿಸ್‌ನಲ್ಲಿ ಗನ್ನನ್ನು ಲೈಟಿನ ಅಂಚಿಗೇ ಹಿಡಿದು ಹೊಡೆಯುತ್ತಾರಲ್ಲ, ಅದನ್ನೂ ಬೇಡ ಅನ್ನಿ.

ವಾಪಸ್ ಕೂರಿಸುವಾಗ ವಿಶೇಷ ಏನಿಲ್ಲ. ಟೇಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್ ಇದ್ದರೆ ಅದರೊಳಗೆ 5 ಮತ್ತು 21 ವ್ಯಾಟಿನ ಎರಡು ಫಿಲಮೆಂಟ್ ಇರುತ್ತವೆ. ಲೋಹದ ತಳದ ಬಲ್ಬ್ ಆಗಿದ್ದರೆ ಪಕ್ಕದ ಎರಡು ಮೊಳೆಗಳು ಮೇಲೆ ಕೆಳಗೆ ಇರುತ್ತವೆ. ಸುಲಭಕ್ಕೆ ಕೂರದಿದ್ದರೆ ತಿರುಗಿಸಿ ಹಾಕಿ, ಒತ್ತಬೇಡಿ. ಹೋದ ಸಲ ಬಲ್ಬ್ ಒಡೆದದ್ದು ಬಹುಶಃ ತುಕ್ಕು ಹಿಡಿದು ಹೋಲ್ಡರಿಗೆ ಅಂಟಿಕೊಂಡಿದ್ದರಿಂದ. ಹೋಲ್ಡರಿನ ಒಳಗೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಆ ಪುಡಿಯನ್ನು ತೆಗೆದುಬಿಡಿ. ಗೂಟಗಳನ್ನು ಮೊದಲು ತೂತಿಗೆ ಹೊಂದಿಸಿ ಲೈಟನ್ನು ನೇರ ಒತ್ತಿ, ಆಮೇಲೆ ಸ್ಕ್ರೂ. ಕೈಬಿಗಿ ಸಾಕು. ಜೋರಾಗಿ ಬಿಗಿದರೆ ಆ ಮೂಲೆಯಿಂದಲೇ ಬಿರುಕು ಶುರು. ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲವನ್ನೂ ಹಾಕಿ ನೋಡಿ. ಇಂಡಿಕೇಟರ್ ಎಂದಿಗಿಂತ ಬೇಗ ಬೇಗ ಮಿನುಗಿದರೆ ಆ ಬದಿಯ ಒಂದು ಬಲ್ಬಿಗೆ ಕರೆಂಟ್ ಹೋಗುತ್ತಿಲ್ಲ ಅಂತ ಅರ್ಥ.

ಇಷ್ಟೆಲ್ಲ ಮಾಡಿದ ಮೇಲೂ ಮಳೆಯ ಬೆಳಿಗ್ಗೆ ಲೆನ್ಸಿನ ಮೂಲೆಯಲ್ಲಿ ತೆಳುವಾಗಿ ಆವಿ ಕಂಡರೆ ಗಾಬರಿಯಾಗಬೇಡಿ. ಲೈಟು ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಹೋದರೆ ಅದು ಸಹಜ. ಹನಿಯಾಗಿ ಇಳಿದು ತಳದಲ್ಲಿ ನಿಂತರೆ ಮಾತ್ರ ಎಲ್ಲೋ ಬಿರುಕಿದೆ ಅಂತ ಹುಡುಕಬೇಕು.

ಹಾಗಾದರೆ ಗ್ಯಾರೇಜಿನವರ ಮಾತಿನಲ್ಲಿ ಅರ್ಥವೇ ಇಲ್ಲವಾ? ಇದೆ, ಕೆಲವು ಕಡೆ. ರಿಫ್ಲೆಕ್ಟರಿನ ಹೊಳಪು ಸುಲಿದು ಬಂದಿದ್ದರೆ, ಲೆನ್ಸ್ ಒಡೆದು ಕೆಂಪಿನ ನಡುವೆ ಬಿಳಿ ಬೆಳಕು ಕಾಣುತ್ತಿದ್ದರೆ, ಹೋಲ್ಡರ್ ಕೂರುವ ಜಾಗ ಕಾದು ಕರಗಿದ್ದರೆ ಹೊಸದೇ ಹಾಕಿಸಿ. ಬಲ್ಬ್ ತೂತೇ ಇಲ್ಲದ ಪೂರ್ತಿ ಎಲ್‌ಇಡಿ ಲೈಟಿನೊಳಗೆ ಕಸ ಸೇರಿದ್ದರೂ ಹಾಗೇ. ಅದಕ್ಕೆ ಹಿಂಬದಿಯಲ್ಲಿ ಡ್ರಿಲ್‌ನಿಂದ ತೂತು ಕೊರೆದು, ಕಸ ತೆಗೆದು, ರಬ್ಬರ್ ಬಿರಡೆ ಹಾಕುವವರಿದ್ದಾರೆ. ಬೋರ್ಡ್ ಎಲ್ಲಿದೆ, ವೈರ್ ಎಲ್ಲಿದೆ ಅಂತ ಗೊತ್ತಿಲ್ಲದೆ ಅದಕ್ಕೆ ಕೈಹಾಕಬಾರದು, ವಾರಂಟಿ ಇದ್ದರೆ ಅದೂ ಹೋಗುತ್ತದೆ. ನಿಮ್ಮದು ಹಳೆಯ ಮಾಡೆಲ್ ಆದ್ದರಿಂದ ಹೊಸದಕ್ಕಿಂತ ಗುಜರಿಯಲ್ಲಿ ಕಂಪನಿಯ ಒರಿಜಿನಲ್ ಲೈಟು ಸಿಕ್ಕರೆ ವಾಸಿ. ಶಿವಮೊಗ್ಗದಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿಸಿ. ಕಡಿಮೆ ಬೆಲೆಯ ನಕಲಿ ಲೈಟಿನಲ್ಲಿ ಕೆಂಪು ಬಣ್ಣ ಬೇಗ ಗುಲಾಬಿಗೆ ತಿರುಗುತ್ತದೆ, ಬಾಡಿಯ ಗೆರೆಗೂ ಸರಿಯಾಗಿ ಕೂರುವುದಿಲ್ಲ. ಹಳೆಯದನ್ನು ಕೊಳ್ಳುವಾಗ ಗೂಟಗಳು ಮುರಿದಿಲ್ಲವಾ, ಉಸಿರುಕೊಳವೆ ಇದೆಯಾ ಅಂತ ಹಿಂದೆ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ಅಂದ ಹಾಗೆ, ಎಡಗಡೆಯದನ್ನು ಬಿಚ್ಚಿದ ದಿನವೇ ಬಲಗಡೆಯದನ್ನೂ ಬಿಚ್ಚಿ ಉಸಿರುಕೊಳವೆ, ರಬ್ಬರ್ ರಿಂಗ್ ನೋಡಿಬಿಡಿ. ಎರಡಕ್ಕೂ ವಯಸ್ಸು ಒಂದೇ.